ಚಿಕ್ಕಿಯ ಹೊಸ ಫೋನಿಗೆ ಒಂದು ಕಾಗದ

ಐರೋಲಿ
ಜೂನ್, ಮಳೆ ಹಿಡಿದ ವಾರ

ಪ್ರೀತಿಯ ಚಿಕ್ಕಿಗೆ,

ಮಸ್ಕತ್ತಿನಲ್ಲಿರುವ ತಮ್ಮ ಅಲ್ಲಿಂದಲೇ ಬುಕ್ ಮಾಡಿ ಕಳುಹಿಸಿದ ಹೊಸ ಫೋನು ಡೊಂಬಿವಲಿಗೆ ಬಂದು ಮುಟ್ಟಿತಂತೆ. ನೀನು ಅದನ್ನು ಡಬ್ಬಿಯಿಂದ ತೆಗೆದು, ತಿರುಗಿಸಿ ನೋಡಿ, ಮತ್ತೆ ಡಬ್ಬಿಗೇ ಹಾಕಿ ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದೀಯಂತೆ. ಎಲ್ಲ ಅವನೇ ಹೇಳಿದ. ಕರೆ ಮಾಡಿಯೇ ತಿಳಿಸಬಹುದಿತ್ತು. ಆದರೆ ಫೋನಿನ ವಿಷಯವನ್ನು ಫೋನಿನಲ್ಲೇ ಹೇಳಹೊರಟರೆ ಒತ್ತಬೇಕಾದ ಜಾಗ ಕಿವಿಗೆ ಅಂಟಿಕೊಂಡಿರುತ್ತದೆ! ಮೇಲಾಗಿ ನಿನಗೆ ಕಾಗದದಲ್ಲಿ ಬರೆದದ್ದರ ಮೇಲೇ ನಂಬಿಕೆ. ಇದನ್ನೂ ಎಲ್‌ಐಸಿ ರಸೀದಿಗಳ ಜೊತೆ ಇಟ್ಟುಕೋ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಟೇಷನ್ ಹತ್ತಿರದ ಅಂಗಡಿಯ ಹುಡುಗನ ಕೈಗೆ ಇದನ್ನು ಕೊಟ್ಟು 'ಸ್ವಲ್ಪ ಸೆಟ್ ಮಾಡಿಕೊಡಪ್ಪ' ಅನ್ನಬೇಡ. ಹಳೆಯ ಫೋನನ್ನು ಹಾಗೇ ಕೊಟ್ಟಿದ್ದೆ. ಅವನು ಪರದೆಗೆ ಗಾಜು ಅಂಟಿಸಿಕೊಟ್ಟದ್ದು ಸರಿ. ಅದರ ಜೊತೆಗೆ ಕ್ಲೀನರ್, ಬೂಸ್ಟರ್, ಬ್ಯಾಟರಿ ಸೇವರ್ ಎಂದು ಕೇಳದ ಆ್ಯಪ್‌ಗಳನ್ನೆಲ್ಲ ತುಂಬಿದ. ನಿನ್ನ ಗೂಗಲ್ ಖಾತೆ ತೆರೆದವನೂ ಅವನೇ. ಪಾಸ್‌ವರ್ಡ್ ಅವನಿಗೆ ಗೊತ್ತು, ನಿನಗೆ ಗೊತ್ತಿಲ್ಲ. ಚಿಕ್ಕಪ್ಪ ಹೋದ ಮೇಲೆ ಬ್ಯಾಂಕು, ಸೊಸೈಟಿ ಆಫೀಸು, ಪಿಂಚಣಿ ಕಚೇರಿ ಎಲ್ಲ ಒಬ್ಬಳೇ ಸುತ್ತಿ, ಮರಾಠಿಯ ಫಾರಂಗಳನ್ನು ಅಕ್ಷರ ಕೂಡಿಸಿ ಓದಿ ತುಂಬಿದವಳು ನೀನು. ಈ ಅಂಗೈಯಗಲದ ಯಂತ್ರಕ್ಕೆ ಬೇರೆಯವರ ಕೈ ಕಾಯಬೇಕಾಗಿಲ್ಲ. ನಿಧಾನವಾಗಿ ಮಾಡಿದರೆ ಒಂದು ಮಧ್ಯಾಹ್ನದ ಕೆಲಸ, ಅಷ್ಟೆ.

ಸಿಮ್ ಹಾಕು, ಮನೆಯ ವೈಫೈಗೆ ಜೋಡಿಸು, ಅದು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಹೋಗು. ಅವಸರ ಬೇಡ, ಕೇಳಿದ್ದಕ್ಕೆಲ್ಲ 'ಅಲೌ' ಎಂದು ಒತ್ತುವುದೂ ಬೇಡ. ಟಾರ್ಚಿನ ಆ್ಯಪ್ ನಿನ್ನ ಫೋನ್ ನಂಬರುಗಳ ಪಟ್ಟಿ ಕೇಳಿದರೆ ಅದಕ್ಕೇನು ಕೆಲಸ? ಇಲ್ಲ ಅನ್ನು. ಇಲ್ಲ ಅಂದರೆ ಫೋನು ಕೆಡುವುದಿಲ್ಲ. ಗೂಗಲ್ ಖಾತೆ ಹಳೆಯದೇ ಇರಲಿ, ಪಾಸ್‌ವರ್ಡ್ ಮಾತ್ರ ಬದಲಿಸಿ ನಿನ್ನ ಡೈರಿಯಲ್ಲಿ ಬರೆದುಕೋ. ಫೋನಿನ ಕವರಿನ ಒಳಗೆ ಚೀಟಿ ಸಿಕ್ಕಿಸಬೇಡ. ಆ ಬುದ್ಧಿವಂತಿಕೆ ನಮ್ಮ ಮನೆತನದ್ದು, ನನಗೆ ಗೊತ್ತು.

ಮೊದಲ ಒಂದೆರಡು ದಿನ ಫೋನು ಬಿಸಿಯಾಗಬಹುದು, ಚಾರ್ಜೂ ಬೇಗ ಇಳಿಯಬಹುದು. 'ಪೀಸ್ ಖರಾಬ್ ಇದೆ' ಎಂದು ತಮ್ಮನಿಗೆ ದೂರು ಹೇಳಬೇಡ. ಹಳೆಯ ಆ್ಯಪ್‌ಗಳನ್ನು ಇಳಿಸಿಕೊಳ್ಳುವುದು, ಫೋಟೋಗಳನ್ನು ತಂದು ವಿಂಗಡಿಸುವುದು, ತಂತ್ರಾಂಶ ಹೊಸದು ಮಾಡಿಕೊಳ್ಳುವುದು, ಇದೆಲ್ಲ ಆ ದಿನಗಳಲ್ಲಿ ಒಳಗೊಳಗೇ ನಡೆಯುತ್ತಿರುತ್ತದೆ. ಆಮೇಲೆ ತಾನಾಗಿ ತಣ್ಣಗಾಗುತ್ತದೆ. ಹಾಗೆಯೇ ಯುಪಿಐ ಆ್ಯಪ್ ಹೊಸ ಫೋನಿನಲ್ಲಿ ಶುರುವಾಗಲು ನಿನ್ನ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಹೋಗಬೇಕು, ಆದ್ದರಿಂದ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮೇ ಒಳಗಿರಲಿ, ರೀಚಾರ್ಜೂ ಇರಲಿ. ಶುರುಮಾಡಿದ ಮೊದಲ 24 ಗಂಟೆ ಸಾಮಾನ್ಯವಾಗಿ ₹5,000ಕ್ಕಿಂತ ಹೆಚ್ಚು ಕಳುಹಿಸಲು ಬಿಡುವುದಿಲ್ಲ. ಅದು ನಿನ್ನ ದುಡ್ಡಿನ ಕಾವಲಿಗೆಂದೇ ಮಾಡಿದ್ದು. ಸೊಸೈಟಿ ಮೇಂಟೆನೆನ್ಸನ್ನು ಮಾರನೇ ದಿನ ಕಟ್ಟಿದರಾಯಿತು.

ಅಕ್ಷರ ಸಣ್ಣದೆಂದು ಕಣ್ಣು ಕಿರಿದು ಮಾಡಿ ನೋಡುತ್ತಿರುತ್ತೀ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಗೆ ಹೋದರೆ ಅಕ್ಷರದ ಗಾತ್ರ ಹೆಚ್ಚಿಸುವ ಗೆರೆಯೊಂದಿದೆ, ಬಲಕ್ಕೆ ಎಳೆ. ಇಡೀ ಫೋನಿನ ಭಾಷೆಯನ್ನೇ ಕನ್ನಡ ಮಾಡಿಕೊಳ್ಳಬಹುದು. ಆದರೆ ನನ್ನ ಅಭಿಪ್ರಾಯ ಕೇಳಿದರೆ ಮೆನು ಇಂಗ್ಲಿಷಿನಲ್ಲೇ ಇರಲಿ. ಏನಾದರೂ ಸಿಕ್ಕಿಕೊಂಡಾಗ ಪಕ್ಕದ ಮನೆಯ ಮರಾಠಿ ಹುಡುಗಿಗೂ ಓದಲು ಬರಬೇಕಲ್ಲ. ಬರೆಯುವುದು ಮಾತ್ರ ಕನ್ನಡದಲ್ಲೇ ಬರೆ. ಕೀಬೋರ್ಡಿನ ಸೆಟ್ಟಿಂಗ್‌ನಲ್ಲಿ ಭಾಷೆ ಸೇರಿಸು ಎಂಬಲ್ಲಿ ಕನ್ನಡ ಆರಿಸಿಕೋ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಬಗೆಯೂ ಇದೆ, ನೇರವಾಗಿ ಕನ್ನಡ ಅಕ್ಷರಗಳ ಬಗೆಯೂ ಇದೆ. ಎರಡೂ ಬೇಸರವಾದರೆ ಮೈಕಿನ ಚಿತ್ರ ಒತ್ತಿ ಮಾತಾಡು, ಅದೇ ಬರೆದುಕೊಳ್ಳುತ್ತದೆ. ಹೆಸರುಗಳಲ್ಲಿ ಎಡವುತ್ತದೆ, ಉಳಿದಂತೆ ಪರವಾಗಿಲ್ಲ. 'neenu yavaga baruttiya' ಎಂಬ ನಿನ್ನ ಸಂದೇಶ ಓದುವ ಕಷ್ಟ ನಮಗಾದರೂ ತಪ್ಪಲಿ.

ಕನ್ನಡವನ್ನು ಯಂತ್ರಕ್ಕೆ ಕಲಿಸಿದವರಲ್ಲಿ ದೊಡ್ಡ ಹೆಸರಿನವರೊಬ್ಬರು ನಮ್ಮ ಮುಂಬಯಿಯಲ್ಲೇ ದುಡಿದವರು ಅನ್ನುವುದು ನಿನಗೆ ಗೊತ್ತಾ? ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು, ಮುಂದೆ ಅಚ್ಚಿನ ಅಕ್ಷರಗಳ ಕೆಲಸಕ್ಕೆ ಇಳಿದವರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೊಳಗೇ ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಹೊಂದುವಂತೆ ಅವರು ರೂಪಿಸಿದ ಜೋಡಣೆಯೇ ಕಂಪ್ಯೂಟರಿನ 'ನುಡಿ' ತಂತ್ರಾಂಶಕ್ಕೂ ಆಧಾರವಾಯಿತು. ಕರ್ನಾಟಕ ಸಂಘದ ಕಾರ್ಯಕ್ರಮಗಳಲ್ಲಿ ಮುಂಬಯಿ ಕನ್ನಡಿಗರ ಸಾಧನೆಯೆಂದು ಹೋಟೆಲಿನ ಕಥೆ, ಬ್ಯಾಂಕಿನ ಕಥೆ ಬೇಕಾದಷ್ಟು ಕೇಳಿದ್ದೇನೆ. ಈ ಕಥೆಯನ್ನೂ ವೇದಿಕೆಯ ಮೇಲೆ ಹೇಳಬೇಕು. ಮುಂದಿನ ಸಲ ನಿನಗೆ ಮೈಕ್ ಸಿಕ್ಕಿದರೆ ನೀನೇ ಹೇಳು.

ಈಗ ನಿನ್ನ ನಿಜವಾದ ಚಿಂತೆಗೆ ಬರುತ್ತೇನೆ: 'ಇದೂ ಆರು ತಿಂಗಳಿಗೆ ಹ್ಯಾಂಗ್ ಆಗುತ್ತದಲ್ಲ?'

ಡಬ್ಬಿಯ ಮೇಲೆ 8 ಜಿಬಿ, 128 ಜಿಬಿ ಎಂಬ ಎರಡು ಸಂಖ್ಯೆ ನೋಡಿರುತ್ತೀ. ಮೊದಲನೆಯದು ನಿನ್ನ ಅಡುಗೆಕಟ್ಟೆ, ಎರಡನೆಯದು ಅಟ್ಟ. ಸದ್ಯಕ್ಕೆ ಬಳಸುತ್ತಿರುವುದು ಕಟ್ಟೆಯ ಮೇಲಿರುತ್ತದೆ, ಉಳಿದದ್ದು ಅಟ್ಟದಲ್ಲಿ. ಕೆಲವು ಫೋನುಗಳ ಡಬ್ಬಿಯಲ್ಲಿ '8+8' ಎಂದು ಬರೆದು ಆಸೆ ಹುಟ್ಟಿಸುತ್ತಾರೆ. ಆ ಎರಡನೇ ಎಂಟು ಅಟ್ಟದಲ್ಲೇ ಗೆರೆ ಹಾಕಿ ಕೊಟ್ಟ ಜಾಗ, ಅಲ್ಲಿ ಕೆಲಸ ನಿಧಾನ. ಇನ್ನು 128ರಲ್ಲೂ ಒಂದು ಪಾಲು ಫೋನಿನ ಸ್ವಂತ ತಂತ್ರಾಂಶಕ್ಕೇ ಹೋಗಿಬಿಟ್ಟಿರುತ್ತದೆ.

ನೀನು ಹೊತ್ತುಹೊತ್ತಿಗೂ ಎಲ್ಲ ಆ್ಯಪ್‌ಗಳನ್ನು ಬೆರಳಿನಿಂದ ಮೇಲಕ್ಕೆ ಸವರಿ ಮುಚ್ಚುತ್ತೀಯಲ್ಲ, ಅದನ್ನು ಬಿಟ್ಟುಬಿಡು. ಕಟ್ಟೆಯಲ್ಲಿ ಜಾಗ ಬೇಕಾದಾಗ ಯಾವುದನ್ನು ಸರಿಸಬೇಕೆಂದು ಆಂಡ್ರಾಯ್ಡಿಗೇ ಗೊತ್ತು. ಮುಚ್ಚಿದ ವಾಟ್ಸ್ಆ್ಯಪನ್ನು ಎರಡು ನಿಮಿಷಕ್ಕೆ ಮತ್ತೆ ತೆರೆದರೆ ಎಲ್ಲವನ್ನೂ ಮೊದಲಿನಿಂದ ತರಬೇಕು, ಅದಕ್ಕೇ ಹೆಚ್ಚು ಚಾರ್ಜು. ಆ ಬೂಸ್ಟರ್ ಆ್ಯಪ್‌ಗಳು ಮಾಡುತ್ತಿದ್ದದ್ದೂ ಇದನ್ನೇ, ನಡುವೆ ಜಾಹೀರಾತು ತೋರಿಸಿಕೊಂಡು. ಹೊಸದರಲ್ಲಿ ಅಂಥದ್ದು ಒಂದೂ ಬೇಡ. ವಾರಕ್ಕೊಮ್ಮೆ ಫೋನು ಆರಿಸಿ ಹಚ್ಚಿದರೆ ಸಾಕು.

ತೊಂದರೆಯೆಲ್ಲ ಅಟ್ಟದ್ದು. ಅಟ್ಟವೆಂದ ಆ ಮೆಮೊರಿ ಚಿಪ್‌ನಲ್ಲಿ ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯಲು ಆಗುವುದಿಲ್ಲ. ಒಂದು ತುಂಡು ಜಾಗವನ್ನು ಪೂರ್ತಿ ಅಳಿಸಿ ಆಮೇಲೆ ಬರೆಯಬೇಕು. ಖಾಲಿ ಇದ್ದಾಗ ಇದು ನಮಗೆ ತಿಳಿಯುವುದೇ ಇಲ್ಲ. ತುಂಬಿಹೋದಾಗ ಒಂದೇ ಒಂದು ಫೋಟೋ ಇಡುವುದಕ್ಕೂ ಅಲ್ಲಿಯದನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಸರಿಸಾಡಬೇಕಾಗುತ್ತದೆ. ಆ ಹೊತ್ತಿನಲ್ಲಿ ನೀನು ಒತ್ತಿದ್ದು ಅದಕ್ಕೆ ಕೇಳಿಸುವುದಿಲ್ಲ. ನೀನು ಮತ್ತೆ ಒತ್ತುತ್ತೀ, ಕೋಪದಿಂದ. ಹ್ಯಾಂಗ್ ಎಂದರೆ ಬಹುಮಟ್ಟಿಗೆ ಇಷ್ಟೇ. ಐದರಲ್ಲಿ ಒಂದು ಪಾಲಾದರೂ ಖಾಲಿ ಇಟ್ಟುಕೊಂಡರೆ ಈ ಕಾಟವಿಲ್ಲ.

ಹಾಗಾದರೆ ತುಂಬುವವರು ಯಾರು? ನಿನ್ನ ಹಳೆಯ ಫೋನನ್ನು ತೆರೆದು ನೋಡಿದಾಗ ನೀನು ತೆಗೆದ ಫೋಟೋಗಳು ಸ್ವಲ್ಪವೇ ಇದ್ದವು. ಉಳಿದದ್ದೆಲ್ಲ ಭಜನಾ ಮಂಡಳಿಯವರು, ಬಿಲ್ಡಿಂಗಿನವರು, ಊರಿನ ದೇವಸ್ಥಾನದ ಗುಂಪಿನವರು ಕಳುಹಿಸಿದ ಶುಭೋದಯಗಳು. ಗುಲಾಬಿ ಹೂವು, ಉದಯಿಸುವ ಸೂರ್ಯ, ಕಾಫಿ ಲೋಟ. ಒಂದೇ ಹನುಮಂತ ನಾಲ್ಕು ಗುಂಪಿನಿಂದ ನಾಲ್ಕು ಸಲ ಬಂದಿದ್ದ. ಇದು ನಿನ್ನೊಬ್ಬಳ ಪಾಡಲ್ಲ. ಭಾರತದ ಫೋನುಗಳು ಇಷ್ಟು ಬೇಗ ಏಕೆ ತುಂಬುತ್ತವೆ ಎಂದು ಹುಡುಕಹೊರಟ ಗೂಗಲ್‌ನವರಿಗೆ ಸಿಕ್ಕಿದ್ದೂ ಗುಡ್ ಮಾರ್ನಿಂಗ್ ಚಿತ್ರಗಳೇ ಎಂದು 2018ರ ಜನವರಿಯಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಬರೆದಿತ್ತು. ಅದಕ್ಕೂ ಸ್ವಲ್ಪ ಮೊದಲು, 2017ರ ಡಿಸೆಂಬರಿನಲ್ಲಿ, ಈಗ ಫೈಲ್ಸ್ ಎಂಬ ಹೆಸರಿನ ಆ್ಯಪನ್ನು ಗೂಗಲ್ ತಂದಿತ್ತು. ಹೊಸ ಫೋನಿನಲ್ಲಿ ಅದು ಮೊದಲೇ ಇರುವ ಸಾಧ್ಯತೆ ಹೆಚ್ಚು. ಒಂದೇ ಚಿತ್ರದ ನಕಲುಗಳನ್ನೂ ದೊಡ್ಡ ವಿಡಿಯೋಗಳನ್ನೂ ಅದೇ ಹುಡುಕಿ ತೋರಿಸುತ್ತದೆ. ಕ್ಲೀನರ್ ಬೇಕೇ ಬೇಕು ಅನ್ನಿಸಿದರೆ ಇದೊಂದು ಸಾಕು.

ಹಿಂದೆ ಹೀಗಿರಲಿಲ್ಲ, ಯಾಕೆಂದರೆ ಕಳುಹಿಸಲು ದುಡ್ಡು ಬೇಕಿತ್ತು. ಒಂದು ಜಿಬಿಗೆ ಇನ್ನೂರು, ಇನ್ನೂರೈವತ್ತು ರೂಪಾಯಿ ಕೊಟ್ಟು ತಿಂಗಳಿಡೀ ಜೋಪಾನವಾಗಿ ಬಳಸುತ್ತಿದ್ದ ಕಾಲ ನಿನಗೂ ನೆನಪಿರಬೇಕು. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಯಿತು. ನೀನು ನಮ್ಮಲ್ಲಿಗೆ ಬಂದಾಗ ಘನ್ಸೋಲಿಯಲ್ಲಿ ನೋಡಿದ ಆ ದೊಡ್ಡ ರಿಲಯನ್ಸ್ ಆವರಣವೇ ಅದರ ಕೇಂದ್ರ. ಆಮೇಲೆ ಎಲ್ಲ ಕಂಪನಿಗಳೂ ದರ ಇಳಿಸಿದವು. ದಿನಕ್ಕೆ ಒಂದೂವರೆ, ಎರಡು ಜಿಬಿ ಕೈಗೆ ಬಂದಾಗ ಜನ ಮಾಡಿದ ಮೊದಲ ಕೆಲಸ ಒಬ್ಬರಿಗೊಬ್ಬರು ಸೂರ್ಯೋದಯ ಕಳುಹಿಸಿಕೊಂಡದ್ದು.

ಗುಂಪು ಬಿಡು ಅನ್ನುವುದಿಲ್ಲ, ಮಂಡಳಿಯಲ್ಲಿ ದೊಡ್ಡ ಸುದ್ದಿಯಾಗುತ್ತದೆ. ವಾಟ್ಸ್ಆ್ಯಪ್ ತೆರೆದು ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್, ಅದರೊಳಗೆ ಸ್ಟೋರೇಜ್ ಆ್ಯಂಡ್ ಡೇಟಾ. ಅಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ಎಂದು ಮೂರು ಸಾಲು ಇವೆ. ಮೂರರಲ್ಲೂ ಎಲ್ಲ ಗುರುತು ತೆಗೆ. ಇನ್ನು ನೀನು ಮುಟ್ಟಿದ ಚಿತ್ರ ಮಾತ್ರ ಫೋನಿನೊಳಗೆ ಬರುತ್ತದೆ. ಮೊಮ್ಮಗುವಿನ ಫೋಟೋ ಮುಟ್ಟು, ಹನುಮಂತನಿಗೆ ಅಲ್ಲಿಂದಲೇ ಕೈಮುಗಿ. ಅದೇ ಪುಟದಲ್ಲಿ ಮ್ಯಾನೇಜ್ ಸ್ಟೋರೇಜ್ ಎಂದಿದೆ. 5 ಎಂಬಿಗಿಂತ ದೊಡ್ಡವು ಯಾವುವು, ಊರೆಲ್ಲ ಸುತ್ತಿ ಬಂದವು ಯಾವುವು ಎಂದು ಬೇರೆಬೇರೆಯಾಗಿ ಸಿಗುತ್ತವೆ. ಏಕಾದಶಿಗೊಮ್ಮೆ ಕುಳಿತು ತೆಗೆದುಹಾಕಿದರೆ ಆಯಿತು.

ಫೋಟೋಗಳ ವಿಷಯದಲ್ಲಿ ಮಾತ್ರ ಕೈ ತಡೆದು ಅಳಿಸು. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ, ಖಾತೆಯಿಂದಲೂ ಹೋಗುತ್ತದೆ. ಜಾಗ ಖಾಲಿ ಮಾಡುವುದಕ್ಕೆ ಫ್ರೀ ಅಪ್ ಸ್ಪೇಸ್ ಎಂದು ಬೇರೆಯೇ ಇದೆ; ಅದು ಖಾತೆಯಲ್ಲಿ ಭದ್ರವಾದ ಮೇಲೆ ಫೋನಿನ ಪ್ರತಿಯನ್ನಷ್ಟೇ ತೆಗೆಯುತ್ತದೆ. ಖಾತೆಯಲ್ಲಿ ಪುಕ್ಕಟೆ ಸಿಗುವುದು 15 ಜಿಬಿ. 2021ರ ಜೂನ್ 1ರಿಂದ ಫೋಟೋಗಳೂ ಆ ಲೆಕ್ಕಕ್ಕೆ ಸೇರಿದವು, ಈಗ ವಾಟ್ಸ್ಆ್ಯಪಿನ ಬ್ಯಾಕಪ್ ಕೂಡ. ನಮ್ಮ ಐರೋಲಿಯಿಂದ ರಬಾಳೆ, ಮಹಾಪೆವರೆಗೆ ಥಾಣೆ–ಬೇಲಾಪುರ ರಸ್ತೆಯ ಬದಿಯಲ್ಲಿ ಹಳೆಯ ಕಾರ್ಖಾನೆಗಳ ಜಾಗಕ್ಕೆ ಒಂದೊಂದಾಗಿ ಡೇಟಾ ಸೆಂಟರುಗಳು ಬಂದಿವೆ. ಜನರ ಲೆಕ್ಕಪತ್ರ, ಫೋಟೋ, ವಿಡಿಯೋ ಇಡುವುದು ಇಂಥ ಕಟ್ಟಡಗಳಲ್ಲೇ. ಹಗಲೂ ರಾತ್ರಿ ಕರೆಂಟು, ಹಗಲೂ ರಾತ್ರಿ ತಂಪು ಬೇಕು ಅವಕ್ಕೆ. 15 ಜಿಬಿ ದಾಟಿದರೆ ಬಾಡಿಗೆ ಕೇಳುವುದು ಅದಕ್ಕೇ. ಗುಲಾಬಿ ಹೂವಿಗೆ ಬಾಡಿಗೆ ಕಟ್ಟಬೇಡ.

ಬ್ಯಾಟರಿಗೆ ಬರೋಣ. ಮೊದಲ ದಿನ ಎಂಟು ಗಂಟೆ ಚಾರ್ಜಿಗಿಡಬೇಕು ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಿರು, ಅದು ಹಳೆಯ ಬ್ಯಾಟರಿಗಳ ಕಾಲದ ಮಾತು. ಇದು ಲಿಥಿಯಂ ಅಯಾನ್. ಪೂರ್ತಿ ಬರಿದಾಗುವುದೂ, ಬಿಸಿಯಲ್ಲಿ ನೂರು ತುಂಬಿ ಕೂರುವುದೂ ಇದಕ್ಕೆ ಆಗದು. ಇಪ್ಪತ್ತಕ್ಕೆ ಇಳಿದಾಗ ಹಚ್ಚಿ ಎಂಬತ್ತರ ಸುಮಾರಿಗೆ ತೆಗೆದರೆ ಬಹಳ ಕಾಲ ಬಾಳುತ್ತದೆ. ಎಂಬತ್ತಕ್ಕೇ ನಿಲ್ಲಿಸುವ ಸೌಲಭ್ಯ ಈಗಿನ ಹಲವು ಫೋನುಗಳಲ್ಲಿದೆ. ಗ್ಯಾಸ್ ಒಲೆಯ ಪಕ್ಕದ ಪ್ಲಗ್ಗಿನಲ್ಲಿ ಮಾತ್ರ ಹಚ್ಚಬೇಡ, ದಿಂಬಿನಡಿ ಬೇಡವೇ ಬೇಡ.

ಸಿಗ್ನಲ್ ಇಲ್ಲದಲ್ಲಿ ಫೋನು ಟವರಿಗಾಗಿ ಹೆಚ್ಚು ಜೋರಾಗಿ ಹುಡುಕುತ್ತಿರುತ್ತದೆ, ಚಾರ್ಜು ಅಲ್ಲಿ ಸೋರುತ್ತದೆ. ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವಾಗ ರತ್ನಾಗಿರಿಯ ಕಡೆ ಒಂದರ ಹಿಂದೆ ಒಂದು ಸುರಂಗ. ಕರ್ಬುಡೆಯದೊಂದೇ ಆರೂವರೆ ಕಿಲೋಮೀಟರ್. ಆ ಭಾಗದಲ್ಲಿ ಫ್ಲೈಟ್ ಮೋಡ್ ಹಾಕಿ ಮಲಗಿಬಿಡು. ಮನೆಯ ಒಳಕೋಣೆಯಲ್ಲೂ ನಿನಗೆ ಸಿಗ್ನಲ್ ಸಾಲದು, ಅಲ್ಲಿಗೆ ವೈಫೈ ಕಾಲಿಂಗ್ ಆನ್ ಮಾಡಿಕೋ. 5ಜಿ ನಿನಗೆ ಅಂಥ ಅಗತ್ಯವೇನಲ್ಲ.

ಲೋಕಲ್ ಟಿಕೆಟನ್ನು ಫೋನಿನಲ್ಲೇ ತೆಗೆಯಬಹುದು, 2025ರ ಜುಲೈಯಿಂದ ರೈಲ್‌ವನ್ ಎಂಬ ಆ್ಯಪ್ ಇದೆ. ಡೊಂಬಿವಲಿಯ ಕ್ಯೂ ತಪ್ಪುತ್ತದೆ. ಆದರೆ ಫೋನು ಬಂದ್ ಬಿದ್ದರೆ ಟಿಸಿಗೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ, ಆದ್ದರಿಂದ ಚಾರ್ಜು ನೋಡಿಕೊಂಡೇ ಹೊರಡು. ನಿನ್ನ ವಯಸ್ಸಿಗೆ ಇದಕ್ಕಿಂತ ದೊಡ್ಡ ಉಪಕಾರ ನವೆಂಬರಿನಲ್ಲಿ ಕಾಣುತ್ತದೆ. ಪಿಂಚಣಿಗೆ ಜೀವಂತ ಇದ್ದೇನೆಂದು ತೋರಿಸಲು ಬ್ಯಾಂಕಿನ ಮೆಟ್ಟಿಲು ಹತ್ತಬೇಕಿಲ್ಲ. ಜೀವನ್ ಪ್ರಮಾಣ್‌ನಲ್ಲಿ ಫೋನಿಗೆ ಮುಖ ತೋರಿಸಿದರೆ ಸಾಕು. 2021ರಿಂದಲೇ ಈ ವ್ಯವಸ್ಥೆ ಇದೆ, ನಿನ್ನ ಹಳೆಯ ಫೋನಿಗೆ ಆ ತಾಕತ್ತಿರಲಿಲ್ಲ.

ಗಾಡಿಯ ಬಾಗಿಲಲ್ಲಿ ನಿಂತು ಫೋನು ತೆಗೆಯಬೇಡ. ಫಟ್ಕಾ ಗ್ಯಾಂಗಿನವರ ಸುದ್ದಿ ನಿನಗೆ ಹೊಸದಲ್ಲ. ಹಳಿಯ ಬದಿಯಲ್ಲಿ ನಿಂತು ಕೋಲಿನಿಂದ ಕೈಗೆ ಹೊಡೆಯುತ್ತಾರೆ, ಬಿದ್ದದ್ದನ್ನು ಎತ್ತಿಕೊಂಡು ಓಡುತ್ತಾರೆ. ಫೋನಿನ ಹಿಂದೆ ತಾವೂ ಬಿದ್ದು ಕೈಕಾಲು ಕಳೆದುಕೊಂಡವರಿದ್ದಾರೆ. ಸೆಟ್ಟಿಂಗ್ಸ್‌ನ ಗೂಗಲ್ ಭಾಗದಲ್ಲಿ ಥೆಫ್ಟ್ ಪ್ರೊಟೆಕ್ಷನ್ ಎಂದಿದೆ, ಆನ್ ಮಾಡು. ಯಾರಾದರೂ ಕಿತ್ತುಕೊಂಡು ಓಡಿದರೆ ಆ ಜಗ್ಗಾಟ ಗುರುತಿಸಿ ಪರದೆ ತಾನೇ ಬೀಗ ಹಾಕಿಕೊಳ್ಳುತ್ತದೆ. *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಬರುತ್ತದೆ. ಡೈರಿಯಲ್ಲಿ ಬರೆದಿಡು. ಫೋನು ಹೋದರೆ ಪೊಲೀಸರಿಗೆ ದೂರು ಕೊಟ್ಟು, ಸರ್ಕಾರದ ಸಂಚಾರ್ ಸಾಥಿಯಲ್ಲಿ ಆ ಅಂಕಿ ಹಾಕಿದರೆ ಅದು ದೇಶದ ಯಾವ ಸಿಮ್ಮಿನಲ್ಲೂ ನಡೆಯದಂತೆ ತಡೆಯುತ್ತಾರೆ.

ಮಳೆಗಾಲದಲ್ಲಿ ಚಾರ್ಜಿಗೆ ಹಚ್ಚಿದಾಗ 'ತೇವ ಇದೆ' ಎಂಬ ಎಚ್ಚರಿಕೆ ಬಂದರೆ ವಯರು ತೆಗೆದು ಫ್ಯಾನಿನ ಕೆಳಗೆ ಇಡು. ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಡ, ಅದರ ಹುಡಿ ತೂತಿನೊಳಗೆ ಸೇರಿ ಇನ್ನೊಂದು ತಾಪತ್ರಯ.

'ಇವತ್ತು ರಾತ್ರಿ ನಿಮ್ಮ ಲೈಟ್ ಕಟ್ ಮಾಡುತ್ತೇವೆ, ಈ ನಂಬರಿಗೆ ಫೋನ್ ಮಾಡಿ' ಎಂಬ ಸಂದೇಶ ಬಂದೇ ಬರುತ್ತದೆ. ಮಾಡಬೇಡ. ವಾಟ್ಸ್ಆ್ಯಪಿನಲ್ಲಿ ಮದುವೆಯ ಕರೆಯೋಲೆ, ಟ್ರಾಫಿಕ್ ದಂಡ ಎಂದು ಬಂದದ್ದರ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಪತ್ರವೇ ಅಲ್ಲ, ಆ್ಯಪ್. ಒಳಗೆ ಬಿಟ್ಟರೆ ನಿನ್ನ ಓಟಿಪಿಗಳನ್ನು ಅದೇ ಓದಿಕೊಳ್ಳುತ್ತದೆ. ಪರಿಚಯದವರ ನಂಬರಿನಿಂದಲೇ ಬಂದರೂ ಮುಟ್ಟಬೇಡ. ಅವರ ಫೋನು ಆಗಲೇ ಕಳ್ಳರ ಕೈಯಲ್ಲಿರುತ್ತದೆ. ದುಡ್ಡು ಕೊಡುವುದಕ್ಕೆ ಯುಪಿಐ ಪಿನ್ ಬೇಕು, ಬರುವ ದುಡ್ಡಿಗೆ ಬೇಕಿಲ್ಲ. ಏನಾದರೂ ಆಗಿಬಿಟ್ಟರೆ ನನಗಿಂತ ಮೊದಲು 1930ಕ್ಕೆ ಕರೆ ಮಾಡು, ಆಮೇಲೆ ನನಗೆ.

ವಾಟ್ಸ್ಆ್ಯಪಿನದು ಬಿಟ್ಟು ಇಷ್ಟನ್ನೂ ನೀನೇ ಮಾಡು. ಒಂದು ಕೆಲಸ ಮಾತ್ರ ನಾನು ಬರುವವರೆಗೆ ಇರಲಿ. ಹಳೆಯ ಫೋನಿನ ವಾಟ್ಸ್ಆ್ಯಪಿನಲ್ಲಿ ಚಿಕ್ಕಪ್ಪನ ದನಿ ಇದೆ. ಕಲ್ಯಾಣದ ಆಸ್ಪತ್ರೆಯಿಂದ ಕಳುಹಿಸಿದವು, ಅದಕ್ಕೂ ಹಿಂದಿನ 'ಬರುವಾಗ ಕೊತ್ತಂಬರಿ ತಾ' ಎಂಬಂಥವು. ಎರಡು ಫೋನುಗಳನ್ನೂ ಅಕ್ಕಪಕ್ಕ ಇಟ್ಟು, ಹಳೆಯದರಲ್ಲಿ ಟ್ರಾನ್ಸ್‌ಫರ್ ಚಾಟ್ಸ್ ಒತ್ತಿ, ಹೊಸದು ತೋರಿಸುವ ಕ್ಯೂಆರ್ ಚಿತ್ರವನ್ನು ಹಳೆಯದರಿಂದ ಸ್ಕ್ಯಾನ್ ಮಾಡಿದರೆ ಎಲ್ಲ ಹೊಸದಕ್ಕೆ ದಾಟಿಕೊಳ್ಳುತ್ತದೆ. ಆದರೆ ಹೊಸದರಲ್ಲಿ ಮೊದಲೇ ವಾಟ್ಸ್ಆ್ಯಪ್ ಶುರುಮಾಡಿಬಿಟ್ಟರೆ ಗೋಜಲು. ಉಳಿದದ್ದೆಲ್ಲ ಹಾಕಿಕೋ, ವಾಟ್ಸ್ಆ್ಯಪ್ ಸದ್ಯಕ್ಕೆ ಹಳೆಯದರಲ್ಲೇ ನಡೆಯಲಿ. ದಾಟಿಸಿದ ಮೇಲೆ ಆ ದನಿಗಳನ್ನು ಬೇರೆ ಕಡೆಯೂ ಒಂದು ಪ್ರತಿ ಇಡುತ್ತೇನೆ, ತಮ್ಮನಿಗೂ ಕಳುಹಿಸುತ್ತೇನೆ.

ಶನಿವಾರ ಥಾಣೆಯಲ್ಲಿ ಗಾಡಿ ಬದಲಿಸಿ ಹತ್ತು ಗಂಟೆಯೊಳಗೆ ಬರುತ್ತೇನೆ. ಅಲ್ಲಿಯವರೆಗೆ ಹಳೆಯ ಫೋನನ್ನು ಗುಜರಿಯವನಿಗೂ ಕೊಡಬೇಡ, ಸ್ಟೀಲ್ ಡಬ್ಬಿ ಕೊಡುತ್ತೇನೆಂದು ಬಾಗಿಲಿಗೆ ಬರುವವಳಿಗೂ ಕೊಡಬೇಡ. ಚಾರ್ಜು ಹಾಕಿ ಇಡು.

ಇತಿ ನಿನ್ನ,
ಪುಟ್ಟಿ